ಶನಿವಾರ ರಾತ್ರಿ ಹನ್ನೆರಡರೊಳಗೆ

ಡಿಸೆಂಬರ್ 1, 2025, ಸೋಮವಾರ

ಇಂಟರ್‌ವ್ಯೂ ಲಿಂಕ್ ಬಂತು. ಬೆಂಗಳೂರಿನ ಕಂಪನಿ, ಅಕೌಂಟ್ಸ್ ಕೆಲಸ. ಎದುರಿಗೆ ಯಾರೂ ಕೂತಿರೋದಿಲ್ಲ. ಪರದೆ ಮೇಲೆ ಪ್ರಶ್ನೆ ಬರುತ್ತೆ, ಮೂವತ್ತು ಸೆಕೆಂಡು ಯೋಚನೆ, ಎರಡು ನಿಮಿಷ ಉತ್ತರ. ಎಲ್ಲಾ ರೆಕಾರ್ಡ್. ಶನಿವಾರ ಮಧ್ಯರಾತ್ರಿಗೆ ಗಡುವು.

ಕ್ಯಾಲೆಂಡರ್ ನೋಡಿದೆ. ನಾಳೆ ಮಂಗಳವಾರ, ಹುಲಿಗೆಮ್ಮ ದೇವಿಯ ವಾರ, ದಿನವಿಡೀ ಅಂಗಡಿ. ಗುರುವಾರ ಹೊಸ್ತಿಲ ಹುಣ್ಣಿಮೆ. ಶುಕ್ರವಾರ ಮತ್ತೆ ವಾರ. ಉಳಿದದ್ದು ಬುಧವಾರ, ಶನಿವಾರ.

ಅವ್ವ ಕೇಳಿದ್ಲು: “ಯಾರೂ ಇರಂಗಿಲ್ಲಂದ್ರ ಯಾರಿಗೆ ಹೇಳ್ತಿ?”

ಮಂಗಳವಾರ, ರಾತ್ರಿ 11

ನಸುಕಿನಿಂದ ಅಂಗಡಿ. ಕಾಯಿ, ಕರ್ಪೂರ, ಕುಂಕುಮ, ಹಸಿರು ಬಳೆ. ತೆಲಂಗಾಣದ ಮಂದಿಗೆ ತೆಲುಗಲ್ಲೇ ರೇಟು ಹೇಳ್ತೀನಿ, ಜಗಳಾನೂ ಆಡ್ತೀನಿ. ಅದೇ ಬಾಯಿ ಫೋನಿನ ಮುಂದೆ “ಮೈಸೆಲ್ಫ್” ಅಂದು ನಿಂತುಬಿಡುತ್ತೆ.

ಕಾಲು ನೋವು. ಒಂದಕ್ಷರ ಓದಿಲ್ಲ.

ಬುಧವಾರ, ಮಧ್ಯಾಹ್ನ

ಅಕ್ಕಿ ಡಬ್ಬಿ ಮೇಲೆ ಫೋನ್. ಕಿಟಕಿ ಬೆನ್ನಿಗಿದ್ರೆ ಮುಖ ಕಪ್ಪು. ತಿರುಗಿ ಕೂತೆ, ಹಿಂದೆ ಗೋಣಿಚೀಲದ ರಾಶಿ. ಬೆಡ್‌ಶೀಟ್ ಕಟ್ಟಿದೆ. ನನ್ನ ಮುಖ ನೋಡ್ಕೋಬಾರದಂತೆ, ಲೆನ್ಸ್ ನೋಡಬೇಕಂತೆ. ಲೆನ್ಸ್ ತಲೆ ಆಡಿಸೋದಿಲ್ಲ. ಎದುರಿನವರು ಹೂಂ ಅಂದ್ರೇನೇ ನನ್ನ ಮಾತು ಮುಂದೆ ಹೋಗೋದು ಅಂತ ಇವತ್ತು ಗೊತ್ತಾಯ್ತು. ತಮ್ಮನ್ನ ಫೋನಿನ ಹಿಂದೆ ಕೂರಿಸಿದೆ, ಹೂಂ ಅನ್ನೋಕೆ. ನಕ್ಕ. ಓಡಿಸಿದೆ.

ಸಂಜೆ

ಹೈರ್‌ವ್ಯೂ ಅನ್ನೋ ಅಮೆರಿಕದ ಕಂಪನಿ ಇಂಥ ವಿಡಿಯೋಗಳಲ್ಲಿ ಮುಖಭಾವಕ್ಕೂ ಅಂಕ ಹಾಕ್ತಿತ್ತಂತೆ. ಅದನ್ನ ಬಿಟ್ಟಿದ್ದೀವಿ ಅಂತ 2021ರಲ್ಲಿ ಹೇಳಿದ್ರು. ಬಿಟ್ಟದ್ದು ಮುಖ. ಮಾತು? ನನ್ನದನ್ನ ಮನುಷ್ಯರು ನೋಡ್ತಾರೋ, ಮಷಿನ್ನೋ?

ರಾತ್ರಿ

ಪ್ರಾಕ್ಟೀಸ್ ಪ್ರಶ್ನೆ: ಒತ್ತಡದಲ್ಲಿ ಕೆಲಸ ಮಾಡಿದ ಸಂದರ್ಭ ಹೇಳಿ.

ತುಂಗಭದ್ರಾ ಡ್ಯಾಮು ಹೊಳೆಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದದ್ದು, ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದ್ದು. ಚೆಂದ ಹೇಳಬಲ್ಲೆ. ಆದ್ರೆ ಅದು ನಾಯ್ಡು ಅವರ ಉತ್ತರ. ನಾನೇನು ಮಾಡಿದೆ? ಹೊಳೆ ಏರುತ್ತೆ ಅಂತ ಅಂಗಡಿ ಸಾಮಾನು ಮಾಳಿಗೆಗೆ ಏರಿಸಿದೆ. ಮೊದಲು ಎತ್ತಿದ್ದು ಉದ್ರಿ ಬುಕ್ಕು. ಬಳೆ ಒಡೆದ್ರೆ ಹೊಸದು ಬರುತ್ತೆ, ಬುಕ್ಕು ನೆನೆದ್ರೆ ವಸೂಲಿಗೆ ಯಾವ ಮುಖ ಇಟ್ಕೊಂಡು ಹೋಗೋದು?

ತಮ್ಮ ಅಂದ: “ಇದನ್ನ ಹೇಳಬೇ.” ಎಸಿ ರೂಮಲ್ಲಿ ಕೂತವರಿಗೆ ಉದ್ರಿ ಬುಕ್ಕು? ಗೊತ್ತಿಲ್ಲ.

ಗುರುವಾರ

ಹುಣ್ಣಿಮೆ. ಉಧೋ ಉಧೋ. ಹೊಳೆದಂಡೆ ತುಂಬ ಒಲೆ, ಹೊಗೆ. ಗಂಟಲು ಬಿತ್ತು.

ಶುಕ್ರವಾರ

ದನಿ ಬರೀ ಗಾಳಿ. ಬಿಸಿನೀರು, ಉಪ್ಪು.

ಅಪ್ಪ ಮತ್ತೆ ಶುರು: “371(ಜೆ) ಸರ್ಟಿಫಿಕೇಟ್ ತೆಗೆಸೀನಲ್ಲ, ಸರ್ಕಾರಿ ನೌಕರಿ ನೋಡು.” ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ ಆ ಕಲಂ ಬಂದದ್ದು 2013ರಲ್ಲಿ, ಆಗ ನಾನಿನ್ನೂ ಸ್ಲೇಟು ಹಿಡಿದವಳು. ಅರ್ಜಿ ಹಾಕಿದ್ದೀನಿ, ಕಾಯ್ತಾನೂ ಇದ್ದೀನಿ. ಎಷ್ಟು ಅಂತ ಕಾಯೋದು? ಹೇಳಲಿಲ್ಲ. ಹೇಳೋಕೆ ದನಿಯೂ ಇರಲಿಲ್ಲ. ಅನುಕೂಲ.

ಶನಿವಾರ, ಬೆಳಿಗ್ಗೆ 9

ಮುಗೀತು.

ದನಿ ಅರ್ಧ ಬಂದಿತ್ತು. ಮೊದಲ ಉತ್ತರದ ನಡುವೆ ರೈಲಿನ ಹಾರ್ನ್. ನಿಲ್ಲಿಸಲಿಲ್ಲ. ಒತ್ತಡದ ಪ್ರಶ್ನೆ ಬರಲೇ ಇಲ್ಲ! ಉದ್ರಿ ಬುಕ್ಕು ಹಾಗೇ ಉಳಿಯಿತು.

ಕೊನೆಯದು: ಬೆಂಗಳೂರಿಗೆ ಬಂದು ಇರಲು ಸಿದ್ಧರಿದ್ದೀರಾ?

“ಯೆಸ್” ಅಂದೆ, ತಕ್ಷಣ. ಒಂದೇ ಮಾತು. ಗಡಿಯಾರ ಓಡ್ತಾನೇ ಇತ್ತು, ಎರಡು ನಿಮಿಷದಲ್ಲಿ ಹೆಚ್ಚೂಕಡಿಮೆ ಎಲ್ಲಾ ಬಾಕಿ. ಲೆನ್ಸ್ ನೋಡ್ತಾ ಕೂತೆ. ಆಮೇಲೆ ಏನೇನೋ ಅಂದೆ, ಅಂಗಡಿ, ಅವ್ವನ ಮೊಣಕಾಲು, ತಮ್ಮನ ಪಿಯುಸಿ. ಅದು ಹೋಗ್ತೀನಿ ಅನ್ನೋದಕ್ಕೆ ಕಾರಣವೋ, ಹೋಗದಿರೋದಕ್ಕೋ. ಅಷ್ಟರಲ್ಲಿ ಕಟ್ಟಾಯ್ತು.

ಬಾಗಿಲು ತೆಗೆದ್ರೆ ಅವ್ವ ಅಲ್ಲೇ ಕಾಯಿ ಸುಲೀತಿದ್ಲು. ಇಂಗ್ಲಿಷ್ ಬರಲ್ಲ. “ಯೆಸ್” ಬರುತ್ತೆ.

“ಸೋಮವಾರ ಹೊಸಪೇಟಿಗೆ ಮಾಲ್ ತರಾಕ ಹೋಗೂದೈತಿ, ನೀನೂ ಬಾ” ಅಂದ್ಲು.