ಮುತ್ತಜ್ಜನ ಊರು ಯಾವುದು?

ಋಷಿಮೂಲ, ನದಿಮೂಲ ಹುಡುಕಬಾರದು ಎಂಬುದು ಹಿರಿಯರ ಮಾತು. ಪುಣ್ಯಕ್ಕೆ ಮನೆತನದ ಮೂಲ ಹುಡುಕಬೇಡಿ ಎಂದು ಅವರು ಹೇಳಲಿಲ್ಲ. ಆದರೂ ನಮ್ಮಲ್ಲಿ ಬಹುಮಂದಿಗೆ ಅಜ್ಜನ ಅಪ್ಪನ ಹೆಸರು ತಿಳಿದಿರುವುದಿಲ್ಲ. ಅವನ ಹೆಂಡತಿಯ ಹೆಸರಂತೂ ದೂರದ ಮಾತು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮನೆತನದ ಮೂಲ ಹುಡುಕುವುದು ಹೇಗೆಂಬ ಪಾಠವನ್ನು ಈ ಊರುಗಳು ತಮ್ಮ ತಮ್ಮ ರೀತಿಯಲ್ಲಿ ಹೇಳಿಕೊಡುತ್ತವೆ.

ಬಳೆಗಾರರ ಮಗ ಬರೆದ ವಂಶಾವಳಿ

ಮೊದಲು ಘಟಪ್ರಭೆಯ ದಂಡೆಯ ಮುಧೋಳ. ಕವಿಚಕ್ರವರ್ತಿ ರನ್ನನ ಊರು. ಕ್ರಿ.ಶ. 993ರ ತನ್ನ ‘ಅಜಿತಪುರಾಣ’ದಲ್ಲಿ ರನ್ನ ತನ್ನ ಮನೆತನದ ವಿವರ ಕೊಟ್ಟಿದ್ದಾನೆ. ಬಳೆಗಾರರ ಕುಲ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಊರು ಜಂಬುಖಂಡಿ ಎಪ್ಪತ್ತರಲ್ಲಿರುವ ಮುದುವೊಳಲು. ಎಪ್ಪತ್ತು ಎಂದರೆ ಆ ಕಾಲದ ಆಡಳಿತದಲ್ಲಿ ಹಳ್ಳಿಗಳ ಒಂದು ಗುಂಪು. ಇಂದು ನಾವು ಅರ್ಜಿಯಲ್ಲಿ ತಾಲೂಕು, ಜಿಲ್ಲೆ ತುಂಬುವ ಹಾಗೆಯೇ ಇದು. ಅಣ್ಣಂದಿರು, ಇಬ್ಬರು ಹೆಂಡಿರು, ಮಗ, ಮಗಳು ಎಲ್ಲರ ಹೆಸರೂ ಅಲ್ಲಿವೆ. ಅರಸನಲ್ಲದ ಮನೆಯೊಂದರ ವಿವರ ಸಾವಿರ ವರ್ಷ ಬಾಳಿ ಬಂದಿರುವುದಕ್ಕೆ ಒಂದೇ ಕಾರಣ: ಅದನ್ನು ಒಬ್ಬರು ಬರೆದಿಟ್ಟರು.

ಅದೇ ಮುಧೋಳವನ್ನು ಮುಂದೆ ಘೋರ್ಪಡೆ ಮನೆತನ ಆಳಿತು. ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಏರಿದ ಪೂರ್ವಜನಿಂದ ಈ ಹೆಸರು ಬಂತೆಂಬುದು ಐತಿಹ್ಯ. ಮನೆತನದ ಬೇರು ಮೇವಾಡದ ಸಿಸೋದಿಯಾ ರಜಪೂತರಲ್ಲಿದೆ ಎಂಬ ಹೇಳಿಕೆಯೂ ಉಂಟು. ಅದಕ್ಕೆ ಆಧಾರವಾಗಿ ತೋರಿಸುವ ಹಳೆಯ ಫರ್ಮಾನುಗಳನ್ನು ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ. ಅರಮನೆಯ ಕಾಗದವನ್ನೇ ಒರೆಗೆ ಹಚ್ಚುವಾಗ ನಮ್ಮ ಮನೆಯ ಕತೆಗಳನ್ನು ಹಚ್ಚಲು ಹಿಂಜರಿಕೆ ಏಕೆ? ಕೇಳಿದ್ದನ್ನು ಕೇಳಿದ್ದೆಂದೇ ಬರೆದುಕೊಳ್ಳಬೇಕು, ಕಾಗದದಲ್ಲಿ ಕಂಡದ್ದನ್ನು ಬೇರೆಯಾಗಿ ಬರೆಯಬೇಕು.

ಕಾಗದವೇ ಇಲ್ಲದವರ ಗತಿ ಏನು? ಉತ್ತರಕ್ಕೆ ಮುಧೋಳ ತಾಲೂಕಿನ ಹಲಗಲಿಗೆ ಹೋಗಬೇಕು. ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಕಾಯ್ದೆಯ ವಿರುದ್ಧ 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ದಂಗೆ ಎದ್ದರು. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಮಾತ್ರ ಲಾವಣಿಕಾರರು ಸಾಯಗೊಡಲಿಲ್ಲ. ಆ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 19ನೆಯ ಶತಮಾನದಲ್ಲೇ ಸಂಗ್ರಹಿಸಿ ಪ್ರಕಟಿಸಿದರು. ಹಾಡೂ ಒಂದು ದಫ್ತರವೇ.

ಮುಧೋಳವೆಂದರೆ ನಾಯಿಯ ಮಾತೂ ಬರಬೇಕಲ್ಲ. ಇಲ್ಲಿಯ ಬೇಟೆ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂತು. ಜಾತಿ ನಾಯಿ ಸಾಕುವವರು ಮರಿಯ ಅಪ್ಪ-ಅವ್ವನ ವಿವರವನ್ನು ತಪ್ಪದೆ ಬರೆದಿಡುತ್ತಾರೆ. ತಮ್ಮ ಮುತ್ತಜ್ಜಿಯ ಹೆಸರನ್ನೂ ಅದೇ ವಹಿಯಲ್ಲಿ ಬರೆದಿಟ್ಟರೆ ಎಷ್ಟು ಚೆನ್ನ!

ಒಂದೇ ಮನೆ, ನಾಲ್ಕು ಆಡಳಿತ

ಮುಧೋಳದಿಂದ ಉತ್ತರಕ್ಕೆ ಜಮಖಂಡಿ. ಇದು ಪಟವರ್ಧನರ ಸಂಸ್ಥಾನ. ಊರಿನ ರಾಮತೀರ್ಥದ ಅರಮನೆ ಆ ವೈಭವದ ಸಾಕ್ಷಿ. ಆದರೆ ಈ ಮನೆತನದ ಮೂಲಪುರುಷ ಹರಭಟ್ಟರು ಕೊಂಕಣದಿಂದ ಬಂದು ಇಚಲಕರಂಜಿಯ ಅರಸು ಮನೆಯಲ್ಲಿ ಪುರೋಹಿತರಾಗಿದ್ದವರು. ಆಳಿದವರೂ ಹೊರಗಿನಿಂದ ಬಂದವರೇ ಎಂದಾಯಿತು. ಮೂಲ ಹುಡುಕಲು ಹೊರಟವರಿಗೆ ಕೊನೆಗೆ ಸಿಗುವುದು ಒಂದು ವಲಸೆ.

ನಮ್ಮ ಅಡ್ಡಹೆಸರುಗಳೂ ಇದನ್ನೇ ಹೇಳುತ್ತವೆ. ಜಮಖಂಡಿ ಎಂಬ ಅಡ್ಡಹೆಸರಿನವರನ್ನು ಜಮಖಂಡಿಗಿಂತ ಹೆಚ್ಚಾಗಿ ಬೇರೆ ಊರುಗಳಲ್ಲಿ ಹುಡುಕಬೇಕು. ಊರು ಬಿಟ್ಟು ಹೋದವನನ್ನು ಹೋದ ಊರಿನವರು ‘ಜಮಖಂಡಿಯವ’ ಎಂದು ಕರೆದರು, ಅದೇ ನಿಂತಿತು. ಕುಲಕರ್ಣಿ, ದೇಸಾಯಿ, ಪತ್ತಾರ, ಬಡಿಗೇರ ಎಂಬವು ಉದ್ಯೋಗವನ್ನು ಹೇಳಿದರೆ, ಊರ ಹೆಸರು ಹೊತ್ತ ಅಡ್ಡಹೆಸರು ಹೊರಟ ಜಾಗವನ್ನು ಹೇಳುತ್ತದೆ. ಮನೆದೇವರು ಇನ್ನೊಂದು ಸುಳಿವು. ಸವದತ್ತಿಯ ಎಲ್ಲಮ್ಮನೋ, ತುಳಜಾಪುರದ ಅಂಬಾಭವಾನಿಯೋ, ಕುಟುಂಬದವರು ನಡೆದುಕೊಳ್ಳುವ ದೇವರು ಇರುವ ದಿಕ್ಕಿನಲ್ಲಿ ಹಳೆಯ ಊರೂ ಇದ್ದೀತು. ಇದು ಸುಳಿವೇ ಹೊರತು ಪುರಾವೆಯಲ್ಲ.

ಪುರಾವೆಗೆ ದಾಖಲೆ ಬೇಕು. ಅದನ್ನು ಹುಡುಕುವ ಮೊದಲು ಮಕ್ಕಳು ಒಂದು ಲೆಕ್ಕ ಹಾಕಬೇಕು. ಜಮಖಂಡಿಯ ಒಂದೇ ಮನೆಯಲ್ಲಿ ಕೂತ ಕುಟುಂಬ 1948ರವರೆಗೆ ಸಂಸ್ಥಾನದಲ್ಲಿತ್ತು, ಆಮೇಲೆ ಮುಂಬಯಿ ಪ್ರಾಂತದಲ್ಲಿ, 1956ರಿಂದ ಮೈಸೂರು ರಾಜ್ಯದಲ್ಲಿ, 1973ರಿಂದ ಕರ್ನಾಟಕದಲ್ಲಿ. ಜಿಲ್ಲೆಯೂ 1997ರಲ್ಲಿ ವಿಜಾಪುರ ಹೋಗಿ ಬಾಗಲಕೋಟೆಯಾಯಿತು. ಹಳೆಯ ಕಾಗದದ ತಲೆಬರಹ ಈ ಪೈಕಿ ಯಾವುದಾದರೂ ಆಗಿರಬಹುದು. ಧಾರವಾಡದ ಸೆರಗಿನ ಕುಂದಗೋಳವೂ ಜಮಖಂಡಿ ಸಂಸ್ಥಾನಕ್ಕೇ ಸೇರಿತ್ತು. ಅಲ್ಲಿಯವರು ತಮ್ಮ ಅಜ್ಜನ ಕಾಗದದಲ್ಲಿ ಜಮಖಂಡಿಯ ಮುದ್ರೆ ಕಂಡು ಬೆರಗಾಗಬೇಕಿಲ್ಲ. ಸಂಸ್ಥಾನದ ದರ್ಬಾರಿ ಭಾಷೆ ಮರಾಠಿ, ಬರಹ ಹಲವು ಕಡೆ ಮೋಡಿ. ಕೊಕ್ಕೆ ಕೊಕ್ಕೆಯಾದ ಆ ಅಕ್ಷರಗಳನ್ನು ಕಂಡು ‘ತಿಳಿಯದ ಕಾಗದ’ ಎಂದು ರದ್ದಿಗೆ ಹಾಕಿದ ಮನೆಗಳು ಎಷ್ಟೋ. ಮೋಡಿ ಓದಬಲ್ಲವರು ಇನ್ನೂ ಇದ್ದಾರೆ. ಕಾಗದ ಇಟ್ಟುಕೊಂಡರೆ ತಾನೇ ಅವರಿಗೆ ತೋರಿಸುವುದು?

ಗೋಡೆ ಹೇಳುವ ಮಾತು

ಹಳೆಯ ಮನೆಯನ್ನು ಓದುವುದೂ ಒಂದು ವಿದ್ಯೆ. ವಾಡೆಯ ದೊಡ್ಡ ಬಾಗಿಲಲ್ಲಿ ದಿಡ್ಡಿ ಬಾಗಿಲಿದ್ದರೆ, ಅಂಗಳದಲ್ಲಿ ಕಾಳು ತುಂಬುವ ಹಗೇವು ಇದ್ದರೆ, ಅದು ಸುತ್ತಲಿನ ಹೊಲಗಳ ಸುಗ್ಗಿ ಬಂದು ಬೀಳುತ್ತಿದ್ದ ಮನೆ. ಸಾಲುಕಂಬದ ಪಡಸಾಲೆಯ ನಟ್ಟನಡುವೆ ಒಂದು ಗೋಡೆ ಎದ್ದು, ಒಂದು ಬಾಗಿಲಿದ್ದಲ್ಲಿ ಎರಡಾಗಿದ್ದರೆ, ಅಣ್ಣತಮ್ಮಂದಿರು ಬೇರೆಯಾಗಿದ್ದಾರೆಂದು ತಿಳಿಯಬೇಕು. ಆಗ ವಾಟಣಿ ಪತ್ರ ಹುಡುಕಿ. ಪಾಲು ಮಾಡುವಾಗ ಪ್ರತಿಯೊಬ್ಬ ಪಾಲುದಾರನ ಹೆಸರನ್ನೂ ಬರೆಯುತ್ತಾರೆ. ಜಗಳದ ಕಾಗದದಲ್ಲಿ ವಂಶಾವಳಿ ಸಿಗುವುದು ವಿಚಿತ್ರವಾದರೂ ನಿಜ.

ರಬಕವಿ-ಬನಹಟ್ಟಿಯಲ್ಲಿ ಓದಬೇಕಾದದ್ದು ನೆಲ. ಇದು ನೇಕಾರರ ಊರು. ಹಳೆಯ ಮನೆಗಳಲ್ಲಿ ಕಿಟಕಿಯ ಬೆಳಕು ಬೀಳುವ ಕಡೆ ಕುಣಿ ಮಗ್ಗಕ್ಕೆ ತೋಡಿದ ತಗ್ಗು ಇರುತ್ತದೆ. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದ ಮೇಲೆ ಎಷ್ಟೋ ಕಡೆ ಅದನ್ನು ಮುಚ್ಚಿ ಫರಸಿ ಹಾಸಿದ್ದಾರೆ. ಆ ತಗ್ಗಿನಲ್ಲಿ ಕಾಲು ಇಳಿಬಿಟ್ಟು ನೇಯ್ದವರ ಹೆಸರು ಕೇಳಿದರೆ ಎರಡು ತಲೆಮಾರು ದಾಟುವಷ್ಟರಲ್ಲಿ ‘ಯಾರಿಗ್ಗೊತ್ರೀ’ ಎಂಬ ಉತ್ತರ ಬರುತ್ತದೆ. ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಿದವಳ ಹೆಸರು ಅದಕ್ಕೂ ಮೊದಲೇ ಮರೆತಿರುತ್ತದೆ. ಒಂದು ಮಾತು ನೆನಪಿರಲಿ: ಈಗ ಒಂದೇ ನಗರಸಭೆಯಾದ ಈ ಜೋಡಿ ಊರುಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿಗೂ ಸೇರಿದ್ದವು. ಅಕ್ಕಪಕ್ಕದ ಊರಿನ ಬೀಗರ ಹಳೆಯ ಕಾಗದ ಬೇರೆ ಬೇರೆ ದರ್ಬಾರಿನವು.

ನೀರು ಬರುವ ಮೊದಲು

ಬೀಳಗಿ ತಾಲೂಕಿಗೆ ಬಂದರೆ ಮನೆಯೇ ಇಲ್ಲದ ಕಡೆ ಹುಡುಕಬೇಕಾಗುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಕೃಷ್ಣೆಯ ದಂಡೆಯ ಹಲವು ಹಳ್ಳಿಗಳು ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. ಅಗಸಿ, ಕಟ್ಟೆ, ತೊಲೆ-ಜಂತಿಯ ಮಾಳಿಗೆ ಮನೆ ಎಲ್ಲ ನೀರಿನ ಪಾಲು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಏರಿದರೆ ಇನ್ನಷ್ಟು ಮನೆಗಳು ಮುಳುಗುತ್ತವೆ. ಮುಳುಗಡೆಯ ಮನೆಗಳನ್ನು ಅಳೆದು ಪರಿಹಾರ ಕೊಟ್ಟಾಗ ಮಾಲೀಕನ ಹೆಸರು, ಜಾಗದ ವಿವರ ಐತೀರ್ಪಿನಲ್ಲಿ ದಾಖಲಾದವು. ಹಣ ಖರ್ಚಾದರೂ ಆ ಪ್ರತಿಯನ್ನು ಜೋಪಾನ ಮಾಡಬೇಕು. ಮೊಮ್ಮಕ್ಕಳಿಗೆ ಉಳಿಯುವ ಹಳೆಯ ಮನೆ ಅದೊಂದೇ.

ಊರು ಹೋದರೂ ಜೊತೆಗೆ ಬರುವ ದಾಖಲೆ ಹೆಳವರದು. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಕೆಲವು ವರ್ಷಗಳಿಗೊಮ್ಮೆ ಬಾಗಿಲಿಗೆ ಬಂದು, ನಿಮ್ಮ ಮನೆತನ ಎಲ್ಲಿಂದ ಹೊರಟಿತು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂದು ಹೇಳುವುದು ಅವರ ಕುಲವೃತ್ತಿ. ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಹೊತ್ತಿಗೆಗೆ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದೆ ಹೋಗುತ್ತಾರೆ. ಅವರನ್ನು ಭಿಕ್ಷುಕರೆಂದು ಬಾಗಿಲು ಹಾಕಬಾರದು. ಕೂರಿಸಿ, ನೀರು ಕೊಟ್ಟು, ಮಕ್ಕಳ ಕೈಗೆ ಪೆನ್ನು ಕೊಡಬೇಕು.

ವಿದ್ಯಾರ್ಥಿಗಳಿಗೆ ಒಂದು ಕ್ರಮ ಹೇಳಬಹುದು. ಮೊದಲು ಮನೆಯ ಹಿರಿಯ ಹೆಣ್ಣುಮಗಳನ್ನು ಕೇಳಿ. ತವರು, ಅತ್ತೆಮನೆ ಎರಡರ ಸುದ್ದಿಯೂ ಅವಳ ಬಳಿ ಇರುತ್ತದೆ. ಆಮೇಲೆ ಹೊಲದ ಉತಾರ, ವಾರಸಾ ನೋಂದಣಿ, ಅಜ್ಜ ಕಲಿತ ಶಾಲೆಯ ದಾಖಲಾತಿ ಪುಸ್ತಕ ನೋಡಿ. ಅಕ್ಕ-ತಂಗಿ, ಅತ್ತೆ, ಅಜ್ಜಿಯರ ಹೆಸರನ್ನು ಬಿಡಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಕಾಯ್ದೆ ಮಾಡಿದವು. ಅದಕ್ಕೂ ಸಾವಿರ ವರ್ಷ ಮೊದಲು ಮುಧೋಳದ ಬಳೆಗಾರರ ಮಗ ಅವ್ವನ ಹೆಸರನ್ನೂ ಮಗಳ ಹೆಸರನ್ನೂ ಬರೆದಿದ್ದ. ಅವನಷ್ಟು ದೊಡ್ಡ ಕಾವ್ಯ ಬರೆಯಲು ನಮ್ಮಿಂದಾಗದು, ನಿಜ. ಆದರೆ ಇನ್ನೂರು ಪುಟದ ನೋಟುಬುಕ್ಕಿನ ಮೊದಲ ಪುಟದಲ್ಲಿ ಅಜ್ಜಿಯ ಪೂರ್ತಿ ಹೆಸರು, ಅವಳ ತವರೂರು ಬರೆಯಲು ಇವತ್ತಿನ ಸಂಜೆಯೇ ಸಾಕು.