ಹೆಸರಿಡುವ ಮೊದಲೇ ಹೋದ ಕೀಟ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ಒಮ್ಮೆ ಎಂಟನೆಯ ತರಗತಿಯ ಬಾಲಕನೊಬ್ಬ ಕಂಪಾಸ್ ಪೆಟ್ಟಿಗೆಯಲ್ಲಿ ಹಸಿರು ಕೀಟವೊಂದನ್ನು ಹಿಡಿದು ತಂದಿದ್ದ. ಎಲೆಯನ್ನೇ ಹೋಲುವ ರೆಕ್ಕೆ. ಮೈಗಿಂತಲೂ ಉದ್ದವಾದ, ಕೂದಲೆಳೆಯಂಥ ಮೀಸೆ. "ಇದರ ಹೆಸರೇನು ಸಾರ್?" ಎಂದು ಕೇಳಿದ. "ಮಿಡತೆ ಕಣೋ, ಹೊರಗೆ ಬಿಟ್ಟು ಬಂದು ಕೂತ್ಕೋ" ಎಂದೆ. ಪಾಠ ಮುಗಿಸುವ ಆತುರ ನನಗೆ.

ಅದು ಇಂಗ್ಲಿಷಿನಲ್ಲಿ ಬುಷ್ ಕ್ರಿಕೆಟ್ ಅಥವಾ ಕೇಟಿಡಿಡ್ ಎಂದು ಕರೆಯುವ ಬಳಗಕ್ಕೆ ಸೇರಿದ್ದೆಂದು ನಿವೃತ್ತನಾದ ಮೇಲೆ ಓದಿ ತಿಳಿದೆ. ಈ ಬಳಗದ ಗಂಡು ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಹಾಡುತ್ತದೆ. ಆಲಿಸುವ ಕಿವಿ ಇರುವುದು ಮುಂಗಾಲುಗಳಲ್ಲಿ! ಹಾಗೆ ಓದುವಾಗ ಎದುರಾದ ಒಂದು ಕಥೆ ಇಂದಿಗೂ ನನ್ನ ಮನಸ್ಸನ್ನು ಬಿಟ್ಟಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಆಂಟಿಯೋಕ್ ಊರಿನ ಬಳಿ ನದಿಯ ದಡದಲ್ಲಿ ಮರಳು ದಿಬ್ಬಗಳಿದ್ದವು. 1906ರ ಭೂಕಂಪದಲ್ಲಿ ನೆಲಸಮವಾದ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಮತ್ತೆ ಕಟ್ಟಲು ಇಟ್ಟಿಗೆ ಬೇಕಾಯಿತು. ಇಟ್ಟಿಗೆಗಾಗಿ ದಿಬ್ಬಗಳನ್ನು ಅಗೆದರು. 1937ರಲ್ಲಿ ಅಲ್ಲಿ ಹಿಡಿದ ಕೇಟಿಡಿಡ್ ಒಂದು ಸಂಗ್ರಹಾಲಯ ಸೇರಿತು. ಅದು ಹೊಸ ಪ್ರಭೇದವೆಂದು ಕೀಟವಿಜ್ಞಾನಿ ಡೇವಿಡ್ ರೆಂಟ್ಜ್ ವಿವರಿಸಿದ್ದು 1977ರಲ್ಲಿ, ಅಂದರೆ ನಲವತ್ತು ವರ್ಷಗಳ ನಂತರ. ಅಷ್ಟರಲ್ಲಿ ಆ ದಿಬ್ಬಗಳಲ್ಲಿ ಹುಡುಕಿದರೂ ಅದು ಸಿಗದಾಗಿತ್ತು. ಹಾರಲಾರದ ಜೀವಿ, ಕಾಲಡಿಯ ನೆಲವೇ ಹೋದಾಗ ಎಲ್ಲಿಗೆ ತಾನೇ ಹೋದೀತು? ರೆಂಟ್ಜ್ ಅದಕ್ಕಿಟ್ಟ ಹೆಸರು ನೆಡೂಬಾ ಎಕ್ಸ್‌ಟಿಂಕ್ಟಾ. ಎಕ್ಸ್‌ಟಿಂಕ್ಟಾ ಎಂದರೆ ಅಳಿದುಹೋದದ್ದು. ನಾಮಕರಣದ ದಿನವೇ ತಿಥಿಯೂ ಆದಂತಾಯಿತು. ಅಳಿದುಳಿದ ದಿಬ್ಬಗಳನ್ನು 1980ರಲ್ಲಿ ವನ್ಯಜೀವಿಗಳ ರಕ್ಷಿತ ತಾಣವನ್ನಾಗಿ ಮಾಡಿದರು.

ಇಂಥದ್ದು ದೂರದೇಶದ ಮಾತೆಂದು ಸುಮ್ಮನಿರುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ ಮೆಕೊಪೋಡಾ ಎಂಬ ಕೇಟಿಡಿಡ್‌ಗಳನ್ನು ಕುರಿತು 2006ರಲ್ಲಿ ಸೋಜಿಗದ ಸಂಗತಿಯೊಂದನ್ನು ಪ್ರಕಟಿಸಿದರು. ರೂಪದಲ್ಲಿ ಬೇರ್ಪಡಿಸಲಾಗದಷ್ಟು ಒಂದೇ ತೆರನಾಗಿದ್ದ ಅವುಗಳಲ್ಲಿ ಐದು ಬಗೆಯ ಹಾಡುಗಳಿದ್ದವು! ಒಂದಕ್ಕೆ ಹೆಲಿಕಾಪ್ಟರ್ ಎಂದೇ ಹೆಸರಿಟ್ಟರು. ಕಣ್ಣಿಗೆ ಒಂದಾಗಿ ಕಂಡದ್ದನ್ನು ಕಿವಿ ಐದಾಗಿ ಬಿಡಿಸಿತು.

ಈಗ ರಾತ್ರಿ ನಿದ್ರೆ ಬಾರದಾಗ ಬೇಲಿಯ ಕಡೆಯಿಂದ ಬರುವ ದನಿಗಳನ್ನು ಎಣಿಸುತ್ತೇನೆ. ಎಷ್ಟು ಬಗೆಯೆಂದು ನಿಶ್ಚಯವಾಗುವುದಿಲ್ಲ. ಆ ಬಾಲಕ ಕೀಟವನ್ನು ಕಿಟಕಿಯಾಚೆ ಬಿಟ್ಟು, ತಲೆ ತಗ್ಗಿಸಿ ಬಂದು ಕುಳಿತದ್ದು ನೆನಪಾಗುತ್ತದೆ. "ನನಗೂ ಗೊತ್ತಿಲ್ಲ ಮಗು, ಬಾ, ಇಬ್ಬರೂ ನೋಡೋಣ" ಎಂದು ಅಂದು ನಾನು ಹೇಳಬೇಕಿತ್ತು.