ಸಾಲವಿಲ್ಲದವರ ಸಿಬಿಲ್

ಯಾರ ಬಳಿಯೂ ಒಂದು ಪೈಸೆ ಸಾಲ ಮಾಡದೆ ಓದು ಮುಗಿಸಿ, ಕೆಲಸ ಹಿಡಿದು, ಸಂಬಳದಲ್ಲಿ ಒಂದಿಷ್ಟು ಉಳಿಸುತ್ತ ಬಂದ ಇಪ್ಪತ್ಮೂರರ ಹುಡುಗಿಯನ್ನು ಮನೆಯ ಹಿರಿಯರು ಬಾಯಿತುಂಬ ಹೊಗಳುತ್ತಾರೆ. ಅದೇ ಹುಡುಗಿ ಸ್ಕೂಟರ್ ಸಾಲ ಕೇಳಿಕೊಂಡು ಬ್ಯಾಂಕಿಗೆ ಹೋದರೆ ಕಂಪ್ಯೂಟರು ಅವಳ ಹೆಸರಿನೆದುರು ಮೈನಸ್ ಒಂದು ಎಂದು ತೋರಿಸುತ್ತದೆ. ಸಿಬಿಲ್ ಸ್ಕೋರು 300ರಿಂದ 900ರವರೆಗೆ ಎಂಬುದು ಈಗ ಬಹುಮಂದಿಗೆ ಗೊತ್ತು. ಆ ಲೆಕ್ಕದ ಒಳಗೇ ಬಾರದವರಿಗೆ ಹೀಗೊಂದು ಅಂಕಿ ಇದೆಯೆಂಬುದು ಗೊತ್ತಿಲ್ಲ. ಮೈನಸ್ ಒಂದು ಎಂದರೆ ಇವಳು ಕೆಟ್ಟವಳು ಎಂದಲ್ಲ, ಇವಳ ಬಗ್ಗೆ ಬರೆಯಲು ಏನೂ ಇಲ್ಲ ಎಂದಷ್ಟೇ. ಆದರೆ ಕೌಂಟರಿನಾಚೆ ಕುಳಿತವರಿಗೆ ಈ ವ್ಯತ್ಯಾಸ ನೋಡುವ ಪುರುಸೊತ್ತು ಕಡಿಮೆ. ‘ಸಿಬಿಲ್ ಇಲ್ಲ’ ಎಂಬುದೂ ‘ಸಿಬಿಲ್ ಸರಿ ಇಲ್ಲ’ ಎಂಬುದೂ ಅಲ್ಲಿ ಒಂದೇ ದನಿಯಲ್ಲಿ ಬರುತ್ತವೆ. ಸಾಲ ಸಿಗಬೇಕಾದರೆ ಮೊದಲೊಂದು ಸಾಲ ತೀರಿಸಿರಬೇಕು, ಆ ಮೊದಲ ಸಾಲವನ್ನು ಯಾರೂ ಕೊಡುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಇದಕ್ಕೆ ಪರಿಹಾರವಾಗಿ ಹೇಗಾದರೂ ಒಂದು ಸಾಲ ಮಾಡಿಬಿಡು ಎನ್ನುವವರಿದ್ದಾರೆ, ಸಾಲದ ಸಹವಾಸವೇ ಬೇಡ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದಾಖಲೆ ಬೇಕು, ಆದರೆ ಅದಕ್ಕಾಗಿ ಬಡ್ಡಿ ತೆರಬೇಕಾಗಿಲ್ಲ.

ಸಾಲ ಕೊಡುವವನ ಪ್ರಶ್ನೆ ಯಾವ ಕಾಲಕ್ಕೂ ಒಂದೇ: ಕೊಟ್ಟದ್ದು ಹಿಂದಕ್ಕೆ ಬರುತ್ತದೆಯೇ? ಉತ್ತರ ಹುಡುಕುವ ಜಾಗ ಮಾತ್ರ ಬದಲಾಗುತ್ತ ಬಂದಿದೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದಾಗ ಅದಕ್ಕೆ ಬಂಡವಾಳವಾದದ್ದು ಊರವರು ಊರವರನ್ನು ಬಲ್ಲರು ಎಂಬ ಸಂಗತಿ. ಅಂಥ ಹಳ್ಳಿ ಸಂಘಗಳಲ್ಲಿ ಒಬ್ಬರ ಬಾಕಿಗೆ ಎಲ್ಲರೂ ಹೊಣೆ. ಹೀಗಾಗಿ ಯಾರ ಹೊಲ ಹೇಗಿದೆ, ಯಾರ ಮಾತು ಎಷ್ಟು ಗಟ್ಟಿ ಎಂಬುದನ್ನು ಎಲ್ಲರೂ ಬಲ್ಲವರಾಗಿರುತ್ತಿದ್ದರು. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಿಂದ ಆರಂಭ; ಹಣ ಕಟ್ಟಿಸಿಕೊಳ್ಳಲು ಏಜೆಂಟರೇ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಿದ್ದರು. ಮೀನು ಮಾರುವವಳು, ಬೀಡಿ ಕಟ್ಟುವವಳು, ಸಣ್ಣ ಹೋಟೆಲಿನವನು ದಿನವೂ ತಪ್ಪದೆ ಕಟ್ಟಿದರೆ ಅದೇ ಅವರ ಯೋಗ್ಯತೆಗೆ ಸಾಕ್ಷಿ. ಉಳಿಸುವವರು ತೀರಿಸಿಯಾರು ಎಂಬ ತರ್ಕದಲ್ಲಿ ಹುರುಳಿತ್ತು. ಕರಾವಳಿಯ ಸೊಸೈಟಿಗಳಲ್ಲಿ ಪಿಗ್ಮಿಯ ಮೇಲೆ ಸಾಲ ಕೊಡುವ ರೂಢಿ ಇಂದಿಗೂ ಇದೆ.

ಮುಂದೆ ಉತ್ತರ ಹುಡುಕುವ ಜಾಗ ಸಾಲದ ಕಡತವಾಯಿತು. ಅಂಥ ಕಡತ ಇಡುವ ಸಿಬಿಲ್ ಸಂಸ್ಥೆ 2000ದಲ್ಲಿ ಸ್ಥಾಪನೆಯಾಯಿತು, 2005ರಲ್ಲಿ ಸಾಲ ಮಾಹಿತಿ ಕಂಪನಿಗಳ ಕಾಯ್ದೆ ಬಂತು. ಇಂದು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂದು ನಾಲ್ಕು ಕಂಪನಿಗಳು ಈ ಕೆಲಸ ಮಾಡುತ್ತಿವೆ. ಇವುಗಳ ಕಡತದಲ್ಲಿ ನೀವು ತೆಗೆದ ಸಾಲ, ಕಾರ್ಡು, ಕಟ್ಟಿದ ಕಂತು, ತಪ್ಪಿದ ಕಂತು, ಎಲ್ಲೆಲ್ಲಿ ಸಾಲ ಕೇಳಿದಿರಿ ಎಂಬುದೆಲ್ಲ ಇರುತ್ತದೆ. ಸಂಬಳ ಎಷ್ಟಿದ್ದರೂ ಸ್ಕೋರಿಗೆ ಲೆಕ್ಕವಿಲ್ಲ. ಉಳಿತಾಯ ಖಾತೆಯ ಮೊತ್ತ, ಎಫ್‌ಡಿ, ಹತ್ತು ವರ್ಷ ತಪ್ಪದೆ ಕಟ್ಟಿದ ಮನೆ ಬಾಡಿಗೆ, ಚೀಟಿಯ ಕಂತು ಯಾವುದೂ ಇರುವುದಿಲ್ಲ. ಬೆಳಗಿನ ಕಾಫಿಯಿಂದ ರಾತ್ರಿಯ ಆಟೋದವರೆಗೆ ಯುಪಿಐನಲ್ಲೇ ಹಣ ಕಳಿಸುವ ಹುಡುಗನ ಬಗ್ಗೆಯೂ ಅಲ್ಲಿ ಒಂದಕ್ಷರವಿಲ್ಲ. ಎರಡಾಣೆ ಉಳಿಸಿದವಳನ್ನು ನಂಬಿ ಬೆಳೆದ ನಾಡಿನಲ್ಲಿ ಈಗ ಉಳಿತಾಯಕ್ಕೆ ನಾಲಿಗೆಯೇ ಇಲ್ಲ. ಇದು ಕೊರತೆ ಎಂಬುದರಲ್ಲಿ ಅನುಮಾನವಿಲ್ಲ. ಹಾಗೆಂದು ಹಳೆಯ ಪರಿಚಯದ ವ್ಯವಸ್ಥೆಯನ್ನು ಹೊಗಳುತ್ತ ಕೂರುವುದೂ ಸರಿಯಲ್ಲ. ‘ಇವನು ನಮ್ಮವನು, ಕೊಡಬಹುದು’ ಎಂಬ ಮಾತಿನೊಳಗೆ ‘ಅವನು ನಮ್ಮವನಲ್ಲ’ ಎಂಬುದೂ ಅಡಗಿರುತ್ತಿತ್ತು. ಕೇರಿಯ ಹುಡುಗನಿಗೆ, ಗಂಡನಿಲ್ಲದ ಹೆಂಗಸಿಗೆ, ಪರವೂರಿನಿಂದ ಬಂದವನಿಗೆ ಜಾಮೀನು ಹಾಕುವವರು ಎಷ್ಟು ಮಂದಿ ಇದ್ದರು? ಕಡತಕ್ಕೆ ಜಾತಿ ಗೊತ್ತಿಲ್ಲ, ಮನೆತನ ಗೊತ್ತಿಲ್ಲ. ಅದರ ಕುರುಡುತನದಲ್ಲಿ ಅನ್ಯಾಯವೂ ಇದೆ, ಒಂದು ಬಗೆಯ ನ್ಯಾಯವೂ ಇದೆ.

ಸ್ಕೋರು ಗುಣಕ್ಕೆ ಕೊಟ್ಟ ಅಂಕವಲ್ಲ. ಹೇಳಿದ ತಾರೀಖಿಗೆ ಹಣ ಬಂತೋ ಇಲ್ಲವೋ ಎಂಬ ಒಂದೇ ಸಂಗತಿಗೆ ಅದು ಮುಖ್ಯ ಸಾಕ್ಷಿ. ಗುಣವೇ ಆಗಿದ್ದರೆ ಮನುಷ್ಯನ ಜೊತೆಗೇ ಹೋಗಬೇಕಿತ್ತಲ್ಲ? ಬೆಂಗಳೂರಿನಲ್ಲಿ 800 ದಾಟಿದ ಇಂಜಿನಿಯರು ಅಮೆರಿಕಕ್ಕೆ ಹೋಗಿಳಿದರೆ ಸಾಮಾನ್ಯವಾಗಿ ಅಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಠೇವಣಿ ಇಟ್ಟು ಸಣ್ಣ ಮಿತಿಯ ಕಾರ್ಡು ಪಡೆಯುವುದು ಅಲ್ಲಿ ಹೊಸಬರ ಹಳೆಯ ದಾರಿ. ಇಲ್ಲೂ ಅದೇ ದಾರಿ ಇದೆ, ಬ್ಯಾಂಕಿನವರು ತಾವಾಗಿ ಹೇಳುವುದು ಕಡಿಮೆ. ಹತ್ತಿಪ್ಪತ್ತು ಸಾವಿರದ ಎಫ್‌ಡಿ ಇಟ್ಟರೆ ಅದರ ಶೇ. 75ರಿಂದ 90ರಷ್ಟು ಮಿತಿಯ ಕ್ರೆಡಿಟ್ ಕಾರ್ಡನ್ನು ಹಲವು ಬ್ಯಾಂಕುಗಳು ಕೊಡುತ್ತವೆ. ಸಂಬಳದ ಚೀಟಿಯೂ ಬೇಡ, ಹಳೆಯ ಸ್ಕೋರೂ ಬೇಡ. ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ವಾರ್ಷಿಕ ಶುಲ್ಕವಿಲ್ಲದ ಕಾರ್ಡನ್ನೇ ಆರಿಸಿಕೊಂಡು, ಹೇಗೂ ಕಟ್ಟಲೇಬೇಕಾದ ಕರೆಂಟ್ ಬಿಲ್ಲನ್ನೋ ಮೊಬೈಲ್ ರೀಚಾರ್ಜನ್ನೋ ಅದರಲ್ಲಿ ಕಟ್ಟಿ, ಬಿಲ್ಲು ಬಂದಾಗ ಪೂರ್ತಿ ಮೊತ್ತ ಖಾತೆಯಿಂದ ತಾನಾಗಿ ಹೋಗುವಂತೆ ಮಾಡಿದರೆ ಆಯಿತು. ಮಿತಿಯ ಮೂರನೇ ಒಂದು ಭಾಗ ಮೀರದಿರುವುದು ಒಳ್ಳೆಯದು. ಸುಮಾರು ಆರು ತಿಂಗಳಲ್ಲಿ ಮೈನಸ್ ಒಂದು ಹೋಗಿ ಮೂರಂಕಿ ಬರುತ್ತದೆ, ಖರ್ಚು ಸೊನ್ನೆ. ತನ್ನ ಹಣವನ್ನೇ ತಾನು ಸಾಲ ಪಡೆದು ತನಗೆ ತಾನೇ ಜಾಮೀನು ನಿಲ್ಲುವ ಈ ಏರ್ಪಾಡು ನೋಡಲು ತಮಾಷೆಯೇ. ಆದರೆ ವ್ಯವಸ್ಥೆ ಕೇಳುವ ಸಾಕ್ಷಿಯೇ ಅಷ್ಟು ಚಿಕ್ಕದಾಗಿರುವಾಗ ಅದಕ್ಕೆ ದೊಡ್ಡ ಬೆಲೆ ಯಾಕೆ ಕೊಡಬೇಕು?

ದುರದೃಷ್ಟಕ್ಕೆ ಹೆಚ್ಚಿನ ಹುಡುಗರ ಕಡತ ತೆರೆಯುವುದು ಹೀಗಲ್ಲ, ಮೊಬೈಲ್ ಅಂಗಡಿಯಲ್ಲಿ. ಬಡ್ಡಿಯಿಲ್ಲದ ಕಂತು ಎಂದು ಫೋನು ಕೊಂಡವನಿಗೆ ತಾನು ಸಾಲಗಾರನಾದೆ ಎಂಬುದೇ ತಿಳಿದಿರುವುದಿಲ್ಲ. ಸೊನ್ನೆ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಸಂಸ್ಕರಣಾ ಶುಲ್ಕದಲ್ಲೋ ಕೈತಪ್ಪಿದ ರಿಯಾಯಿತಿಯಲ್ಲೋ ಸೇರಿಕೊಂಡಿರುತ್ತದೆ. ಈಗ ಕೊಳ್ಳಿ, ಆಮೇಲೆ ಕೊಡಿ ಎನ್ನುವ ಆ್ಯಪ್‌ಗಳ ಕಥೆಯೂ ಇದೇ. ಮರೆತುಹೋದ ಐನೂರು ರೂಪಾಯಿಯೂ ಕಡತದಲ್ಲಿ ಸುಸ್ತಿ ಎಂದೇ ದಾಖಲಾಗುತ್ತದೆ, ಅಲ್ಲಿ ಸಣ್ಣ ಸುಸ್ತಿ ಎಂದು ವಿನಾಯಿತಿ ಇಲ್ಲ. ಇದಕ್ಕಿಂತ ಮನಸ್ಸಿಗೆ ನೋವಾಗುವುದು ಶಿಕ್ಷಣ ಸಾಲದ ವಿಷಯ. ಹದಿನೆಂಟಕ್ಕೆ ತಂದೆಯ ಜೊತೆ ಸಹಿ ಹಾಕಿದ ಹುಡುಗ ಅದನ್ನು ಅಪ್ಪನ ಸಾಲ ಎಂದೇ ತಿಳಿದಿರುತ್ತಾನೆ. ಕೋರ್ಸು ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಬಿಡುವು. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಕಂತು ತಪ್ಪುತ್ತದೆ, ಕಲೆ ಹತ್ತುವುದು ಇಬ್ಬರಿಗೂ. ಆ ಹಂತದಲ್ಲಿ ಬ್ಯಾಂಕಿಗೆ ಮುಖ ತಪ್ಪಿಸಿ ಓಡಾಡುವುದಕ್ಕಿಂತ ಹೋಗಿ ಅವಧಿ ವಿಸ್ತರಣೆ ಕೇಳುವುದು ಮೇಲು. ಗೆಳೆಯನ ಸಾಲಕ್ಕೆ ಜಾಮೀನು ಹಾಕಿದರೂ ಅಷ್ಟೇ, ಅವನ ಬಾಕಿ ನಿಮ್ಮ ಕಡತದಲ್ಲೂ ಕಾಣಿಸುತ್ತದೆ. ದಾಕ್ಷಿಣ್ಯಕ್ಕೆ ಸಹಿ ಹಾಕುವ ನಮ್ಮ ಊರುಗಳಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇಷ್ಟೆಲ್ಲ ಅಪಾಯವಿದ್ದ ಮೇಲೆ ಸಾಲವೇ ಬೇಡ ಎನ್ನುವವರ ಮಾತೇ ಸರಿಯಲ್ಲವೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿಕೊಟ್ಟ ನಾಡು ಇದು. ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದು ಶಾಲೆಗೆ ಹೋದವರಿಗೆಲ್ಲ ಬಾಯಿಪಾಠ. ಆ ಎಚ್ಚರವನ್ನು ನಾನು ಹಗುರ ಮಾಡುವುದಿಲ್ಲ, ಲೆಕ್ಕವೂ ಅದರ ಪರವಾಗಿಯೇ ಇದೆ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 42ರಷ್ಟು ಬಡ್ಡಿ ನಮ್ಮಲ್ಲಿ ಅಪರೂಪವಲ್ಲ. 20,000 ರೂಪಾಯಿ ಬಾಕಿಯಿಟ್ಟು ಅದರ ಶೇ. 5ರಷ್ಟು, ಎಂದರೆ 1,000 ರೂಪಾಯಿಯನ್ನು ಮಾತ್ರ ಕಟ್ಟಿದಿರಿ ಎನ್ನಿ. ತಿಂಗಳ ಬಡ್ಡಿ 700, ಅದರ ಮೇಲೆ ಜಿಎಸ್‌ಟಿ 126. ಅಸಲಿಗೆ ಹೋದದ್ದು 174 ರೂಪಾಯಿ. ಬಿಲ್ಲಿನ ಮೂಲೆಯಲ್ಲಿ ‘ಕನಿಷ್ಠ ಮೊತ್ತ’ ಎಂದು ಅಚ್ಚಾಗುವ ಅಂಕಿಯಷ್ಟು ನಯವಂಚಕ ಅಂಕಿ ಇನ್ನೊಂದಿಲ್ಲ. ಅಷ್ಟು ಕಟ್ಟಿದರೆ ಸುಸ್ತಿ ದಾಖಲಾಗುವುದಿಲ್ಲ ಎಂಬುದು ನಿಜ, ಜೇಬು ಖಾಲಿಯಾಗುತ್ತದೆ ಎಂಬುದು ಅದಕ್ಕಿಂತ ನಿಜ. ಆದರೂ ಸಾಲದ ಮುಖವನ್ನೇ ನೋಡೆನು ಎಂಬ ಶಪಥ ಮನೆ ಕಟ್ಟುವ ದಿನದವರೆಗೆ ಮಾತ್ರ ನಿಲ್ಲುತ್ತದೆ. ಸ್ವಂತ ಮನೆಯನ್ನು ಕೈಯ ಹಣದಿಂದಲೇ ಕಟ್ಟುವವರು ಕಡಿಮೆ, ಮತ್ತು ಇಂದು ಹಲವು ಬ್ಯಾಂಕುಗಳು ಗೃಹಸಾಲದ ಬಡ್ಡಿಯನ್ನು ಸ್ಕೋರಿಗೆ ತಕ್ಕಂತೆ ನಿಗದಿ ಮಾಡುತ್ತವೆ. 30 ಲಕ್ಷದ ಇಪ್ಪತ್ತು ವರ್ಷದ ಸಾಲಕ್ಕೆ ಶೇ. 8.5ರ ಬದಲು 9 ಆದರೆ ತಿಂಗಳಿಗೆ ಸುಮಾರು 950 ರೂಪಾಯಿ, ಒಟ್ಟಿಗೆ ಸುಮಾರು 2.3 ಲಕ್ಷ ಹೆಚ್ಚು. ಕಷ್ಟ ಬಂದಾಗ ದಾಖಲೆಯಿಲ್ಲದವನು ಹೋಗುವುದು ಕೈಸಾಲಕ್ಕೆ, ಮೀಟರ್ ಬಡ್ಡಿಯವನ ಬಾಗಿಲಿಗೆ. ಸಾಲಕ್ಕೆ ಹೆದರುವವರಿಗೆ ಅದಕ್ಕಿಂತ ಹೆದರಬೇಕಾದ ಜಾಗ ಬೇರೆ ಯಾವುದು?

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ತಪ್ಪು ವ್ಯವಸ್ಥೆಯದು, ಅದಕ್ಕೆ ಎಳೆಯರು ಯಾಕೆ ತಲೆಬಾಗಬೇಕು ಎಂಬುದು. ವ್ಯವಸ್ಥೆಯೂ ತುಸು ಅಲುಗಾಡಿದೆ. ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ತಳ್ಳಿಹಾಕಬಾರದು ಎಂದು ರಿಸರ್ವ್ ಬ್ಯಾಂಕಿನ ಜನವರಿ 2025ರ ನಿರ್ದೇಶನ ಹೇಳುತ್ತದೆ. ಆಗಸ್ಟ್ 2025ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಇದನ್ನೇ ಲೋಕಸಭೆಯಲ್ಲಿ ಹೇಳಿತು. ಸ್ಕೋರು ಕಡಿಮೆ ಎಂದು ಶಿಕ್ಷಣ ಸಾಲ ನಿರಾಕರಿಸುವಂತಿಲ್ಲ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತ್ತು. ಆದರೆ ಮದ್ರಾಸ್ ಹೈಕೋರ್ಟ್ 2025ರಲ್ಲಿ, ಸಾಲದ ಕಡತ ಕೆಟ್ಟಿದೆಯೆಂದು ಬ್ಯಾಂಕೊಂದು ಅಭ್ಯರ್ಥಿಯ ನೇಮಕ ರದ್ದು ಮಾಡಿದ್ದನ್ನು ಎತ್ತಿಹಿಡಿಯಿತು. ಇವನ್ನೆಲ್ಲ ಒಟ್ಟಿಗೆ ಓದಿದರೆ ಒಂದು ಸಂಗತಿ ತೋರುತ್ತದೆ: ಖಾಲಿ ಕಡತಕ್ಕೆ ಕಾನೂನು ದಯೆ ತೋರಿಸಲು ತೊಡಗಿದೆ, ಕೆಟ್ಟ ಕಡತಕ್ಕೆ ಶಿಕ್ಷಣ ಸಾಲದಾಚೆ ಆ ಭರವಸೆ ಇಲ್ಲ. ಹಾಗಾಗಿ ಅವಸರದಲ್ಲಿ ಕೆಟ್ಟ ಸಾಲದಿಂದ ಕಡತ ತೆರೆಯುವುದಕ್ಕಿಂತ ಅದನ್ನು ಖಾಲಿ ಬಿಡುವುದೇ ವಾಸಿ. ಬಾಡಿಗೆ, ಪಿಗ್ಮಿ, ಕರೆಂಟ್ ಬಿಲ್ಲುಗಳೂ ಸಾಕ್ಷಿಯಾಗಿ ನಿಲ್ಲುವ ದಿನ ಬರಲಿ ಎಂದು ಒತ್ತಾಯಿಸೋಣ. ಅಲ್ಲಿಯವರೆಗೆ ಎಫ್‌ಡಿ ಕಾರ್ಡು ಸಾಕು. ಸ್ಕೋರನ್ನೇ ಆಟ ಮಾಡಿಕೊಂಡು ಐದಾರು ಕಾರ್ಡು ಕೂಡಿಹಾಕುವವರೂ ಇದ್ದಾರೆ. 750 ದಾಟಿದ ಮೇಲೆ ಅಂಥ ದೊಡ್ಡ ಲಾಭವೇನಿಲ್ಲ, ಪ್ರತಿ ಅರ್ಜಿಯೂ ಕಡತದಲ್ಲಿ ಒಂದು ವಿಚಾರಣೆಯಾಗಿ ಉಳಿಯುತ್ತದೆ.

ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು, ನಿಮ್ಮ ವರದಿಯನ್ನು ನೀವು ನೋಡಿದರೆ ಸ್ಕೋರು ಇಳಿಯುವುದಿಲ್ಲ. ತರಿಸಿ ಓದಿ. ನಿಮ್ಮದಲ್ಲದ ಸಾಲ ಕಂಡರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಸಿಬಿಲ್ ಇಲ್ಲವೆಂದು ಯಾವುದಾದರೂ ಶಾಖೆಯಲ್ಲಿ ಅರ್ಜಿ ವಾಪಸು ಕೊಟ್ಟರೆ, ಬಾಯಿಮಾತಿಗೆ ತಲೆಯಾಡಿಸಿ ಹೊರಬರಬೇಡಿ. ಕಾರಣವನ್ನು ಬರೆದು ಕೊಡಿ ಎಂದು ಕೇಳಿ.